ಕೆಡಿಸಿದವರೂ ತಿದ್ದುವವರೂ

ಲೋಕದಲ್ಲಿ ಒಂದು ಕಾರ್ಯವು ಕೆಟ್ಟಿತೆಂದರೆ ಮೊದಲು ಹುಟ್ಟುವ ಪ್ರಶ್ನೆ "ಕೆಡಿಸಿದವರಾರು?" ಎಂಬುದು. "ತಿದ್ದುವವರಾರು?" ಎಂಬ ಪ್ರಶ್ನೆಯು ಅದರ ಹಿಂದೆ ಬಹಳ ತಡವಾಗಿ ಬರುತ್ತದೆ, ಎಷ್ಟೋ ವೇಳೆ ಬರುವುದೇ ಇಲ್ಲ. ಈ ಎರಡು ಪ್ರಶ್ನೆಗಳಿಗೂ ಉತ್ತರವೊಂದೇ ಎಂದು ಜನರು ಸಾಮಾನ್ಯವಾಗಿ ಬಗೆಯುತ್ತಾರೆ. ಕೆಡಿಸಿದವನೇ ತಿದ್ದತಕ್ಕವನು, ಕೆಡಿಸದವನಿಗೆ ಅದರ ಗೊಡವೆ ಬೇಡ ಎಂಬುದು ಅವರ ನ್ಯಾಯ. ನೋಡುವುದಕ್ಕೆ ಇದು ಸರಳವಾಗಿಯೂ ಸಮಂಜಸವಾಗಿಯೂ ಇದೆ. ಆದರೆ ತಪ್ಪು ಒಬ್ಬನಲ್ಲಿ ನಿಲ್ಲದೆ ಹಲವರಲ್ಲಿ ಹಂಚಿಹೋಗಿರುವ ಕಡೆ ಈ ನ್ಯಾಯವು ಸಲ್ಲುವುದೇ ಎಂಬುದನ್ನು ವಿಚಾರಿಸಬೇಕಾಗಿದೆ. ಗಣಕಯಂತ್ರಗಳ ಪ್ರಪಂಚದಲ್ಲಿ 2021ನೆಯ ಇಸವಿಯಲ್ಲಿ ನಡೆದ ಒಂದು ಸಂಗತಿಯು ಈ ವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿದೆ.

ಆ ಸಂಗತಿಯನ್ನು ಹೇಳುವುದಕ್ಕೆ ಮೊದಲು ಅದರ ಹಿನ್ನೆಲೆಯನ್ನು ಸ್ವಲ್ಪ ತಿಳಿಸುವುದು ಆವಶ್ಯಕ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬವರು 1991ರಲ್ಲಿ ಲಿನಕ್ಸ್ ಎಂಬುದನ್ನು ಆರಂಭಿಸಿದರು. ಗಣಕಯಂತ್ರವನ್ನು ನಡೆಯಿಸುವ ಮೂಲ ತಂತ್ರಾಂಶವಿದು. ಇದರ ಸುತ್ತ ಬೇರೆಬೇರೆ ತಂತ್ರಾಂಶಗಳನ್ನು ಕೂಡಿಸಿ ಜನರಿಗೆ ಹಂಚುವ ಅನೇಕ ಸಂಪ್ರದಾಯಗಳು ಬೆಳೆದುವು. ಅವುಗಳಲ್ಲಿ 1993ರಲ್ಲಿ ಇಯನ್ ಮರ್ಡಾಕರು ಸ್ಥಾಪಿಸಿದ ಡೆಬಿಯನ್ ಹಿರಿಯವುಗಳಲ್ಲೊಂದು. ಇಲ್ಲಿ ಪ್ರತಿಯೊಂದು ತಂತ್ರಾಂಶವೂ ಪ್ಯಾಕೇಜೆಂಬ ಒಂದು ಗಂಟಿನ ರೂಪದಲ್ಲಿ ಬರುತ್ತದೆ. ಒಂದು ಗಂಟು ತನ್ನ ಕೆಲಸಕ್ಕೆ ಬೇರೆ ಹತ್ತು ಗಂಟುಗಳನ್ನು ಅಪೇಕ್ಷಿಸುತ್ತದೆ. ಮತ್ತೆ ಕೆಲವುದರೊಡನೆ ಅದು ಕೂಡಿ ಬಾಳಲಾರದು. ಗಂಟನ್ನು ಬಿಚ್ಚಿ ಯಥಾಸ್ಥಾನದಲ್ಲಿ ಇಡುವ ಸಾಧನಕ್ಕೆ ಡಿಪಿಕೆಜಿ ಎಂದು ಹೆಸರು. ಯಾವುದಕ್ಕೆ ಯಾವುದು ಬೇಕೆಂದು ಲೆಕ್ಕ ಹಾಕಿ, ದೂರದ ಭಂಡಾರದಿಂದ ತರಿಸಿ, ಡಿಪಿಕೆಜಿಯ ಕೈಗೆ ಕೊಡುವ ಸಾಧನಕ್ಕೆ ಆಪ್ಟ್ ಎಂದು ಹೆಸರು. ಇದು 1999ರಲ್ಲಿ ಡೆಬಿಯನ್ನಿನ 2.1ನೆಯ ಆವೃತ್ತಿಯೊಡನೆ ಬಳಕೆಗೆ ಬಂದಿತು. ಅಮೆರಿಕದ ಸಿಸ್ಟಮ್76 ಎಂಬ ಸಂಸ್ಥೆಯವರ ಪಾಪ್ ಓಎಸ್ ಎಂಬ ವ್ಯವಸ್ಥೆಯೂ ಈ ವಂಶದ್ದೇ.

ಕೆನಡಾ ದೇಶದ ಲಿನಸ್ ಸೆಬಾಸ್ಟಿಯನ್ ಎಂಬವರು ಗಣಕಯಂತ್ರಗಳ ವಿಷಯವಾಗಿ ಯೂಟ್ಯೂಬಿನಲ್ಲಿ ಚಿತ್ರಗಳನ್ನು ಪ್ರಕಟಿಸಿ ಪ್ರಸಿದ್ಧರಾದವರು. ಮೇಲೆ ಹೇಳಿದ ಟೊರ್ವಾಲ್ಡ್ಸರಿಗೂ ಇವರಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಇವರು ತಮ್ಮ ಸಹೋದ್ಯೋಗಿಯೊಬ್ಬರೊಡನೆ, ಮನೆಯ ಯಂತ್ರದಲ್ಲಿ ಲಿನಕ್ಸನ್ನೇ ಬಳಸಿ ನೋಡುವುದಾಗಿ ಪಣತೊಟ್ಟು, ನಡೆದುದನ್ನೆಲ್ಲ 2021ರ ನವೆಂಬರಿನಲ್ಲಿ ಲೋಕದ ಮುಂದಿಟ್ಟರು. ಇವರು ಆರಿಸಿಕೊಂಡುದು ಪಾಪ್ ಓಎಸ್. ಆಟಗಳನ್ನು ಆಡಿಸುವ ಸ್ಟೀಮ್ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಲು ಹೋದಾಗ ಚಿತ್ರರೂಪದ ಅಂಗಡಿಯು "ಆಗದು" ಎಂದಿತು. ಆಗ ಇವರು ಟರ್ಮಿನಲ್ಲನ್ನು ತೆರೆದು ಆಪ್ಟಿಗೆ ನೇರವಾಗಿ ಅಪ್ಪಣೆ ಕೊಟ್ಟರು. ಸ್ಟೀಮಿಗೆ 32 ಬಿಟ್‌ನ ಪ್ಯಾಕೇಜುಗಳೂ ಬೇಕು. ಆ ದಿನಗಳಲ್ಲಿ ಭಂಡಾರದಲ್ಲಿದ್ದ ಪ್ಯಾಕೇಜುಗಳ ಆವೃತ್ತಿಗಳು ಒಂದಕ್ಕೊಂದು ಹೊಂದಿರಲಿಲ್ಲ. ಲೆಕ್ಕದಲ್ಲಿ ನಿಪುಣವಾದ ಆಪ್ಟ್ ಒಂದು ಉಪಾಯವನ್ನು ಕಂಡುಹಿಡಿಯಿತು: ಅಡ್ಡಬರುವುದನ್ನೆಲ್ಲ ತೆಗೆದುಹಾಕಿದರೆ ಸ್ಟೀಮಿಗೆ ಸ್ಥಳವಾಗುತ್ತದೆ! ಅಡ್ಡಬಂದುದರಲ್ಲಿ ಡೆಸ್ಕ್‌ಟಾಪೂ ಸೇರಿತ್ತು. ಅತ್ಯಾವಶ್ಯಕವಾದ ಪ್ಯಾಕೇಜುಗಳು ಹೋಗುತ್ತವೆಂದೂ, ಹಾನಿಯಾಗಬಹುದೆಂದೂ, ಆದರೂ ಮಾಡಬೇಕಾದರೆ "ಹೌದು, ನಾನು ಹೇಳಿದಂತೆ ಮಾಡು" ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ಪೂರ್ತಿಯಾಗಿ ಬರೆಯಬೇಕೆಂದೂ ಆಪ್ಟ್ ಎಚ್ಚರಿಸಿತು. ಸೆಬಾಸ್ಟಿಯನ್ನರು ಬರೆದರು. ಪರದೆಯ ಮೇಲಿನ ಚಿತ್ರ, ಕಿಟಕಿ, ಗುಂಡಿಗಳೆಲ್ಲ ಮಾಯವಾಗಿ ಬರಿಯ ಅಕ್ಷರಗಳು ಮಾತ್ರ ಉಳಿದುವು.

ಕೂಡಲೆ ವಾದವೆದ್ದಿತು. ಎಚ್ಚರಿಕೆಯನ್ನು ಓದಿಯೂ ಒಪ್ಪಿದವನದೇ ತಪ್ಪೆಂದರು ಕೆಲವರು. ಭಂಡಾರವನ್ನು ಕಾಯುವವರು ಹೊಂದದ ಪ್ಯಾಕೇಜುಗಳನ್ನು ಏಕೆ ಇಟ್ಟರು ಎಂದರು ಕೆಲವರು. ಒಂದು ಆಟದ ತಂತ್ರಾಂಶವನ್ನು ಕೇಳಿದವನ ಮನೆಯನ್ನೇ ಕೆಡವಲು ಒಪ್ಪುವ ಸಾಧನವು ಎಂಥದು ಎಂದರು ಮತ್ತೆ ಕೆಲವರು. ಮೂರು ಪಕ್ಷಗಳಲ್ಲಿಯೂ ಸತ್ಯವುಂಟು. ಎಚ್ಚರಿಕೆಯೇನೋ ಇದ್ದಿತು, ಆದರೆ ಅದರಲ್ಲಿದ್ದ ಹೆಸರುಗಳು ಬಲ್ಲವನಿಗೆ ಭಯವನ್ನುಂಟುಮಾಡತಕ್ಕವು, ಹೊಸಬನಿಗೆ ಬರಿಯ ಅಕ್ಷರಸಮೂಹ. ಅರ್ಥವಾಗದ ಎಚ್ಚರಿಕೆಗೆ ಕೊಟ್ಟ ಒಪ್ಪಿಗೆಯು ಪೂರ್ಣವಾದ ಒಪ್ಪಿಗೆಯಲ್ಲ. ಹಾಗೆಂದು ಅರ್ಥವಾಗಲಿಲ್ಲವೆಂದು ತಿಳಿದಮೇಲೆ ನಿಲ್ಲದೆ ಮುಂದುವರಿದವನು ಪೂರ್ಣವಾಗಿ ನಿರ್ದೋಷಿಯೂ ಅಲ್ಲ. ತಪ್ಪನ್ನು ತೂಗಿ ಮೂವರಿಗೂ ಪಾಲು ಮಾಡಬಹುದು. ಪಾಲು ಮಾಡಿ ಮುಗಿದಮೇಲೂ ಯಂತ್ರವು ಕತ್ತಲೆಯಲ್ಲಿಯೇ ಇರುತ್ತದೆ.

ಇಲ್ಲಿಯೇ ಜನಸಾಮಾನ್ಯರ ನ್ಯಾಯವು ಕುಂಟುವುದು. ಎಷ್ಟು ತಪ್ಪೋ ಅಷ್ಟು ತಿದ್ದಾಣಿಕೆ ಎಂದು ಹೊರಟರೆ ಮೂವರೂ ತಮ್ಮ ಪಾಲು ಚಿಕ್ಕದೆಂದು ವಾದಿಸುತ್ತ ಕುಳಿತಿರಬಹುದು. ಕಾನೂನಿನ ಮಾತಂತೂ ಇನ್ನೂ ವಿಲಕ್ಷಣವಾಗಿದೆ. ಇಂಥ ತಂತ್ರಾಂಶಗಳು ಬಹುಮಟ್ಟಿಗೆ ಜಿಪಿಎಲ್ ಎಂಬ ಪರವಾನಗಿಯಂತೆ ಹಂಚಲ್ಪಡುತ್ತವೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಆದರೆ ಕಾನೂನು ಬಿಟ್ಟುಕೊಡುವ ಮಟ್ಟಿಗೆ ಮಾಡಿದವರು ಯಾವ ಭರವಸೆಯನ್ನೂ ಕೊಡುವುದಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಹೀಗಿರಲು ತಪ್ಪಿನಿಂದಲೇ ಹೊಣೆ ಹುಟ್ಟುವುದಾದರೆ, ಇಲ್ಲಿ ತಿದ್ದುವ ಹೊಣೆ ಯಾರ ಮೇಲೂ ನಿಲ್ಲುವಂತಿಲ್ಲ.

ನಮ್ಮ ಹಿರಿಯರ ಕರ್ಮಶಾಸ್ತ್ರದಲ್ಲಿ ಈ ತೊಡಕಿಗೆ ಬೇರೊಂದು ದಾರಿ ಕಾಣುತ್ತದೆ. ಯಾಗದ ನಡುವೆ ಪಾತ್ರೆಯೊಡೆದರೆ, ಹವಿಸ್ಸು ಚೆಲ್ಲಿದರೆ, ಅದಕ್ಕೆ ಪ್ರಾಯಶ್ಚಿತ್ತಹೋಮವು ವಿಹಿತವಾಗಿದೆ. ಒಡೆದವನು ಯಾರೆಂಬ ವಿಚಾರಣೆ ಮುಗಿಯುವವರೆಗೆ ಅಗ್ನಿಯು ಕಾಯಬೇಕೆಂದು ಅಲ್ಲಿ ಹೇಳಿಲ್ಲ. ಒಡೆದುದೇ ನಿಮಿತ್ತ, ಹೋಮವನ್ನು ಮಾಡಿ ಕರ್ಮವನ್ನು ಮುಂದುವರಿಸತಕ್ಕದ್ದು. ಇದನ್ನು ನೋಡಿಕೊಳ್ಳುವುದಕ್ಕಾಗಿಯೇ ಬ್ರಹ್ಮನೆಂಬ ಋತ್ವಿಜನು ಮೌನವಾಗಿ ಕುಳಿತಿರುತ್ತಾನೆ. ತಾನು ತಪ್ಪು ಮಾಡಿದವನೆಂದು ಅವನು ತಿದ್ದುವುದಿಲ್ಲ. ತಿದ್ದುವುದನ್ನು ಬಲ್ಲವನು ತಾನೆಂದು ತಿದ್ದುತ್ತಾನೆ. ಅಂದರೆ ತಪ್ಪಿನ ಹೊಣೆಯು ಹಿಂದಿನದನ್ನು ನೋಡಿ ಹುಟ್ಟುವುದು; ತಿದ್ದುವ ಹೊಣೆಯು ಮುಂದಿನದನ್ನು ನೋಡಿ ಹುಟ್ಟುವುದು. ಮೊದಲನೆಯದಕ್ಕೆ ಕೃತ್ಯವು ಪ್ರಮಾಣ. ಎರಡನೆಯದಕ್ಕೆ ಸಾಮರ್ಥ್ಯವೂ ಸಾನ್ನಿಧ್ಯವೂ ಪ್ರಮಾಣ.

ಈ ತತ್ತ್ವವನ್ನು ಹಿಡಿದು ಕೆಟ್ಟ ಯಂತ್ರದ ಮುಂದೆ ಕುಳಿತವನ ಕರ್ತವ್ಯವನ್ನು ನೋಡಬಹುದು. ಚರಕಾಚಾರ್ಯರು ಧೀ, ಧೃತಿ, ಸ್ಮೃತಿಗಳು ಕೆಟ್ಟು ನಡೆಯುವ ಅಶುಭಕರ್ಮಕ್ಕೆ ಪ್ರಜ್ಞಾಪರಾಧವೆಂದು ಹೆಸರಿಟ್ಟು, ರೋಗಗಳ ಕಾರಣಗಳಲ್ಲಿ ಅದನ್ನು ಎಣಿಸಿದ್ದಾರೆ. ಯಂತ್ರದ ಚಿಕಿತ್ಸೆಗೂ ಆ ಮೂರೇ ಬೇಕು. ಮೊದಲನೆಯದು ಧೃತಿ, ಅಂದರೆ ತಡೆದು ನಿಲ್ಲುವ ಶಕ್ತಿ. ಪರದೆಯು ಕಪ್ಪಾದೊಡನೆ ವಿದ್ಯುತ್ತನ್ನು ಕಿತ್ತುಹಾಕುವುದು, ಬೇರೊಂದು ಕೆಲಸ ನಡೆಯುತ್ತಿರುವಾಗಲೇ ಡಿಪಿಕೆಜಿಯ ಬೀಗದ ಕಡತವನ್ನು ಅಳಿಸುವುದು, ಯಾರೋ ಹೇಳಿದ ಅಪ್ಪಣೆಗಳನ್ನು ಅರ್ಥ ತಿಳಿಯದೆ ಒಂದರ ಮೇಲೊಂದು ಕೊಡುವುದು, ಇವೆಲ್ಲ ಒಂದು ಕೇಡನ್ನು ಹತ್ತು ಮಾಡುವ ಬಗೆಗಳು. ಚಿತ್ರದ ಪರದೆ ಹೋದರೂ ಕಂಟ್ರೋಲ್, ಆಲ್ಟ್, ಎಫ್3 ಎಂಬ ಕೀಲಿಗಳನ್ನು ಕೂಡಿಸಿ ಒತ್ತಿದರೆ ಸಾಮಾನ್ಯವಾಗಿ ಅಕ್ಷರಗಳ ಪರದೆಯೊಂದು ದೊರೆಯುತ್ತದೆ. ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಹೊಗಬಹುದು. ಒಳಹೊಕ್ಕವನಿಗೆ ಮೊದಲ ಸಮಾಧಾನವೂ ಅಲ್ಲಿಯೇ ಸಿಕ್ಕುತ್ತದೆ. ಪ್ಯಾಕೇಜನ್ನು ತೆಗೆಯುವ ಸಾಧನವು ಬಳಸುವವನ ಸ್ವಂತ ಕೋಶದಲ್ಲಿರುವ ಪತ್ರಗಳನ್ನೂ ಚಿತ್ರಗಳನ್ನೂ ಮುಟ್ಟುವುದಿಲ್ಲ. ಮನೆಯ ಬಾಗಿಲು ಬಿದ್ದಿದೆ. ಪೆಟ್ಟಿಗೆಯೊಳಗಿನ ಒಡವೆ ಇದ್ದಲ್ಲಿಯೇ ಇದೆ.

ಎರಡನೆಯದು ಸ್ಮೃತಿ. ಮನುಷ್ಯನಿಗೆ ಮರೆವು ಸಹಜವಾದುದರಿಂದ ಆಪ್ಟ್ ತಾನು ಮಾಡಿದುದನ್ನು ತಾನೇ ಬರೆದಿಡುತ್ತದೆ. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಅಪ್ಪಣೆಯಿಂದ ಯಾವ ಪ್ಯಾಕೇಜು ಬಂದಿತು, ಯಾವುದು ಹೋಯಿತು ಎಂಬುದೆಲ್ಲ ಅದರ ಹಿಸ್ಟರಿ ಎಂಬ ದಾಖಲೆಯಲ್ಲಿರುತ್ತದೆ. ಅದು ಯಾರನ್ನೂ ದೂಷಿಸುವುದಿಲ್ಲ, ಯಾರನ್ನೂ ಮರೆಮಾಚುವುದೂ ಇಲ್ಲ. ಮೂರನೆಯದು ಧೀ. ಓದಿದುದನ್ನು ಅರಿತು ಕ್ರಮವಾಗಿ ನಡೆಯಬೇಕು. ಕೆಲಸವು ನಡುವೆ ನಿಂತಾಗ ಕೆಲವು ಪ್ಯಾಕೇಜುಗಳು ಬಿಚ್ಚಿದ್ದರೂ ಅಳವಟ್ಟಿರುವುದಿಲ್ಲ. ಅರ್ಧಜರತೀಯ ನ್ಯಾಯದಂತೆ ಅವು ಇದ್ದೂ ಇಲ್ಲದವು. ಡಿಪಿಕೆಜಿಗೆ ಅಂಥವನ್ನೆಲ್ಲ ಅಳವಡಿಸೆಂದು ಅಪ್ಪಣೆ ಕೊಡುವುದು ಮೊದಲ ಹೆಜ್ಜೆ. ಮುರಿದ ಆಶ್ರಯಸಂಬಂಧಗಳನ್ನು ಸರಿಪಡಿಸೆಂದು ಆಪ್ಟಿಗೆ ಹೇಳುವುದು ಎರಡನೆಯದು. ಇಲ್ಲಿಯೂ ಅದು ಏನನ್ನು ತೆಗೆಯಹೊರಟಿದೆಯೆಂಬುದನ್ನು ಓದಿಯೇ ಒಪ್ಪತಕ್ಕದ್ದು. ಭಂಡಾರದ ಪಟ್ಟಿಯನ್ನು ಹೊಸದು ಮಾಡಿಕೊಂಡು, ದಾಖಲೆಯಲ್ಲಿ ಹೋದುದೆಂದು ಕಂಡ ಡೆಸ್ಕ್‌ಟಾಪನ್ನು ಮರಳಿ ಹಾಕುವುದು ಮೂರನೆಯದು. ಬಳಿಕ ಯಂತ್ರವನ್ನು ಮತ್ತೆ ಆರಂಭಿಸಿದರೆ ಅನೇಕ ವೇಳೆ ಹಿಂದಿನ ಪರದೆಯೇ ಕಣ್ಣಮುಂದೆ ನಿಲ್ಲುತ್ತದೆ.

ಇಷ್ಟೆಲ್ಲ ಕಷ್ಟವೇಕೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಂಡರಾಗದೆ ಎಂದು ಕೇಳುವವರುಂಟು. ಪತ್ರಗಳನ್ನು ಬೇರೆ ಕಡೆ ಕಾಪಾಡಿಕೊಂಡಿದ್ದರೆ, ಹೊತ್ತು ಕಡಿಮೆಯಿದ್ದರೆ, ಅದೂ ಸಲ್ಲುವ ಉಪಾಯವೇ. ಸೆಬಾಸ್ಟಿಯನ್ನರು ಪಾಪ್ ಓಎಸನ್ನು ಬಿಟ್ಟು ಮಂಜಾರೊ ಎಂಬ ಬೇರೊಂದು ಲಿನಕ್ಸಿಗೆ ಹೋದರು. ಹೋಗಬಾರದೆಂಬ ವಿಧಿಯೇನೂ ಇಲ್ಲ. ಆದರೆ ಅಳಿಸಿಹಾಕುವುದರಲ್ಲಿ ಕೆಟ್ಟ ವಸ್ತುವಿನೊಡನೆ ಕೆಟ್ಟ ಕಾರಣವೂ ಕಣ್ಮರೆಯಾಗುತ್ತದೆ. ಭಂಡಾರದಲ್ಲಿ ದೋಷವಿರುವವರೆಗೆ ಹೊಸದಾಗಿ ಹಾಕಿದವನೂ ಅದೇ ಹಳ್ಳಕ್ಕೆ ಬೀಳಬಹುದು. ಅವನ ಹಿಂದೆ ಬರುವವನೂ ಬೀಳಬಹುದು.

ಆದುದರಿಂದ ತಿದ್ದುವುದರ ಉತ್ತಮವಾದ ಭಾಗವು ನಡೆದುದು ಆ ಯಂತ್ರದಲ್ಲಲ್ಲ, ಬೇರೆ ಕಡೆಯಲ್ಲಿ. ಪ್ಯಾಕೇಜಿನ ದೋಷವನ್ನು ಸಿಸ್ಟಮ್76ನವರು ಸರಿಪಡಿಸಿದರು. ಅಷ್ಟಕ್ಕೆ ನಿಲ್ಲದೆ, ಒಂದು ವಾಕ್ಯವನ್ನು ಬರೆದ ಮಾತ್ರಕ್ಕೆ ಡೆಸ್ಕ್‌ಟಾಪು ಹೋಗದಂತೆ ತಮ್ಮ ಆಪ್ಟನ್ನು ತಿದ್ದಿದರು. ಡೆಬಿಯನ್ನಿನ ಆಪ್ಟ್ ಕೂಡ ಅದೇ ನವೆಂಬರಿನಲ್ಲಿ 2.3.12ನೆಯ ಆವೃತ್ತಿಯಲ್ಲಿ ಬದಲಾಯಿತು. ಅತ್ಯಾವಶ್ಯಕವಾದುದನ್ನು ತೆಗೆಯಲೇಬೇಕೆಂಬವನು ಅದಕ್ಕೆಂದೇ ಇರುವ ಪ್ರತ್ಯೇಕ ಅಪ್ಪಣೆಯನ್ನು ಮೊದಲೇ ತಿಳಿದು ಕೊಡಬೇಕು. ಆಪ್ಟ್ ತಾನಾಗಿ ಆ ದಾರಿಯನ್ನು ತೋರಿಸುವುದಿಲ್ಲ. "ತಪ್ಪು ಅವನದು, ಎಚ್ಚರಿಕೆ ಕೊಟ್ಟಿದ್ದೆವು" ಎಂದು ಹೇಳಿ ಕೈತೊಳೆದುಕೊಳ್ಳಲು ಅವರಿಗೆ ಪರವಾನಗಿಯ ಬಲವಿದ್ದಿತು, ಲೋಕದಲ್ಲಿ ಅರ್ಧದಷ್ಟು ಜನರ ಬೆಂಬಲವೂ ಇದ್ದಿತು. ಬಲ್ಲವರು ತಾವೆಂಬ ಒಂದೇ ಕಾರಣದಿಂದ ಅವರು ತಿದ್ದಿದರು.

ಹೀಗೆ ತಪ್ಪನ್ನೂ ತಿದ್ದುವುದನ್ನೂ ಬೇರ್ಪಡಿಸಿದರೆ ಅಜಾಗರೂಕರಿಗೆ ಧೈರ್ಯ ಕೊಟ್ಟಂತಾಗದೆ ಎಂದು ಶಂಕಿಸಬಹುದು. ಹಾಗಾಗುವುದಿಲ್ಲ. ಬುದ್ಧಿಪೂರ್ವಕವಾಗಿ ಮಾಡಿದುದಕ್ಕೂ ಅರಿಯದೆ ಮಾಡಿದುದಕ್ಕೂ ಧರ್ಮಶಾಸ್ತ್ರಕಾರರು ಭೇದವನ್ನು ಹೇಳಿದ್ದಾರೆ; ಆದರೆ ಅರಿಯದೆ ಮಾಡಿದುದಕ್ಕೆ ಪ್ರಾಯಶ್ಚಿತ್ತವೇ ಬೇಡವೆಂದು ಹೇಳಿಲ್ಲ. ತಪ್ಪಿನ ವಿಚಾರಣೆಯು ಬೇಕೇ ಬೇಕು. ಆದರೆ ಅದಕ್ಕೆ ತಕ್ಕ ಸ್ಥಳವು ತಿದ್ದುವ ಕೆಲಸದ ಒಳಗೇ ಇದೆ. ಏನು ಕೆಟ್ಟಿತು, ಹೇಗೆ ಕೆಟ್ಟಿತು ಎಂದು ದಾಖಲೆಯ ಸಾಲುಸಾಲನ್ನೂ ಓದಿದವನಿಗೆ ತನ್ನ ಪಾಲು ಎಷ್ಟೆಂಬುದು ಯಾರೂ ಬೈಯದೆಯೇ ತಿಳಿಯುತ್ತದೆ. ಬೈಗಳನ್ನು ಕೇಳಿದವನು ಮುಂದಿನ ಸಲ ತಪ್ಪನ್ನು ಬಚ್ಚಿಡುವುದನ್ನು ಕಲಿಯುತ್ತಾನೆ; ದಾಖಲೆಯನ್ನು ಓದಿದವನು ಮುಂದಿನ ಸಲ ಪಟ್ಟಿಯನ್ನು ಓದಿ ಒಪ್ಪುವುದನ್ನು ಕಲಿಯುತ್ತಾನೆ.

ಮನೆಗಳಲ್ಲಿ ಹಾಲಿನ ಪಾತ್ರೆ ಉರುಳಿದಾಗಲೂ, ಸಂಸ್ಥೆಗಳಲ್ಲಿ ಲೆಕ್ಕ ತಪ್ಪಿದಾಗಲೂ ಇದೇ ಪರೀಕ್ಷೆ ಒದಗುತ್ತದೆ. ನ್ಯಾಯ ಹೇಳುವುದಕ್ಕೆ ನಾಲ್ಕು ಜನ ಕೂಡುತ್ತಾರೆ. ನೆಲವನ್ನು ಒರಸುವುದಕ್ಕೆ ಒಬ್ಬರು ಬಗ್ಗಬೇಕು. ಹಾಗೆ ಬಗ್ಗಿದವರು ತಪ್ಪನ್ನು ಒಪ್ಪಿಕೊಂಡವರೆಂದು ಯಾರೂ ತಿಳಿಯಬೇಕಾಗಿಲ್ಲ.