ಹಿಟ್ಟಿನ ಹುಂಜ, ಕುಂಟುವ ಕೋಳಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಭೂಮಿಯಲ್ಲಿ ಹಿತ್ತಲ ಕೋಳಿಯು ಮಳೆಗಾಲದಲ್ಲಿ ಬೆರಳಸಂದಿಗೆ ಮೆತ್ತಿ ಗಟ್ಟಿಯಾಗುವ ಕೆಸರನ್ನೂ, ಬೇಸಿಗೆಯಲ್ಲಿ ಬಿರುಸಾದ ಹೆಂಟೆ ಮತ್ತು ಜಾಲಿಯ ಮುಳ್ಳುಗಳನ್ನೂ ತುಳಿದು ಬದುಕುತ್ತದೆ. ಅಂಗಾಲಿಗಾದ ಸಣ್ಣ ಗಾಯದೊಳಗೆ ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಪಾದ ಬಾತು, ಒಳಗೆ ಕೀವು ತುಂಬಿ, ಮೇಲೆ ಆಣಿಯಂತಹ ಕಪ್ಪು ಹೆಕ್ಕಳೆ ಕಟ್ಟುತ್ತದೆ; ಪಶುವೈದ್ಯರು ಇದನ್ನು ಬಂಬಲ್‌ಫುಟ್ ಎನ್ನುತ್ತಾರೆ. ಹಕ್ಕಿಗಳ ಕೀವು ಮನುಷ್ಯರ ಕೀವಿನಂತೆ ಹರಿಯದೆ ಗಿಣ್ಣದ ಹಾಗೆ ಗಟ್ಟಿಯಾಗುವುದರಿಂದ ಹಿಂಡಿದರೆ ಹೊರಬರುವುದಿಲ್ಲ. ಬಲಿತ ಬಾವನ್ನು ಹಲವು ಸಲ ಕೊಯ್ದೇ ತೆಗೆಯಬೇಕಾಗುತ್ತದೆ. ಒದ್ದಾಡುವ ಕೋಳಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಅದರ ಕಾಲಿಗೆ ಅಲಗು ತಾಗಿಸುವ ಈ ಕೆಲಸ ಹಿಂಸೆಯೋ ಅಲ್ಲವೋ ಎಂಬುದು ಕನ್ನಡದ ಧರ್ಮಚಿಂತನೆಗೆ ಹೊಸ ಪ್ರಶ್ನೆಯೇನಲ್ಲ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯು ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವೊಂದನ್ನು ಮಾಡಿಸಿ ದೇವತೆಯ ಮುಂದೆ ಕಡಿಯುತ್ತಾನೆ. ಅದರಲ್ಲಿ ರಕ್ತವಿರಲಿಲ್ಲ, ಆದರೂ ಕಡಿಯುವ ಕೈಯ ಹಿಂದೆ ಕೊಲ್ಲುವ ಭಾವವಿತ್ತು. ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಮಾಡುವ ಈ ಬಗೆಯ ಹಿಂಸೆಗೆ ಜೈನರು ಸಂಕಲ್ಪಹಿಂಸೆ ಎಂದು ಹೆಸರಿಟ್ಟಿದ್ದಾರೆ. ಅದರ ಫಲವಾಗಿ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಅವುಗಳಲ್ಲಿ ಕೊನೆಯದಾಗಿ ಕೋಳಿಗಳಾಗಿಯೇ ಹುಟ್ಟುತ್ತಾರೆ. ಹಿಟ್ಟನ್ನು ಕಡಿದದ್ದು ಹಿಂಸೆಯಾಗಬಹುದಾದರೆ, ಜೀವವಿರುವ ಕೋಳಿಯ ಪಾದವನ್ನು ಕೊಯ್ದು ರಕ್ತ ಬರಿಸಿದ್ದು ಹಿಂಸೆಯಲ್ಲದೆ ಇರುವುದೂ ಸಾಧ್ಯವಾಗಬೇಕು. ಜೈನಾಚಾರ್ಯ ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಹೆಚ್ಚುಕಡಿಮೆ ಇದೇ ದೃಷ್ಟಾಂತವನ್ನು ಕೊಡುತ್ತಾರೆ: ಮುನಿಯೊಬ್ಬನ ಮೈಮೇಲಿನ ಕುರುವನ್ನು ಕರುಣೆಯಿಂದ ಸೀಳುವ ವೈದ್ಯನು ನೋವುಂಟುಮಾಡಿದರೂ, ಆ ಹೊರಗಿನ ನೋವೊಂದೇ ಕಾರಣಕ್ಕೆ ಅವನಿಗೆ ಪಾಪ ಅಂಟುವುದಿಲ್ಲ.

ಆದರೆ ಭಾವ ಒಳ್ಳೆಯದಿದ್ದರೆ ಸಾಕೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಜೈನರ 'ತತ್ತ್ವಾರ್ಥಸೂತ್ರ'ವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಮಂಪರು ಮದ್ದಿಲ್ಲದೆ, ಶುಚಿ ಮಾಡದ ಬ್ಲೇಡಿನಿಂದ, ಎಷ್ಟು ಆಳಕ್ಕೆ ಹೋಗಬೇಕೆಂಬ ಅರಿವೂ ಇಲ್ಲದೆ ಕೊಯ್ಯುವವನ ಕರುಣೆ ಎಷ್ಟೇ ನಿಜವಾದುದಾದರೂ, ಆ ಕರುಣೆಯೊಳಗೇ ಪ್ರಮಾದ ಕುಳಿತಿರುತ್ತದೆ. ಆರಂಭದ ಹಂತದಲ್ಲಿ ಕಾಲನ್ನು ಹತ್ತು-ಹದಿನೈದು ನಿಮಿಷ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಪೊವಿಡೋನ್ ಅಯೋಡಿನ್‌ನಿಂದ ಒರೆಸಿ, ಬೆರಳುಗಳ ನಡುವೆ ಹಾಯಿಸಿ ಹತ್ತಿಬಟ್ಟೆಯ ಪಟ್ಟಿ ಕಟ್ಟಿ, ಒಣಹುಲ್ಲಿನ ಮೇಲೆ ಬಿಡುವುದು ಮನೆಯವರ ಕೈಗೆ ನಿಲುಕುವ ಕೆಲಸ. ಗಟ್ಟಿಯಾದ ಕೀವಿನ ಗಂಟನ್ನು ತೆಗೆಯುವುದು ಪಶುವೈದ್ಯರಿಗೆ ಬಿಡಬೇಕಾದ ಕೆಲಸ. ನೋಡದೆ ಬಿಡುವುದು ಕೂಡ ಪ್ರಮಾದವೇ. ಕೋಳಿಯು ತನ್ನ ನೋವನ್ನು ಮರೆಮಾಚುವ ಪ್ರಾಣಿಯಾಗಿರುವುದರಿಂದ, ಅದು ಕಣ್ಣಿಗೆ ಕಾಣುವಷ್ಟು ಕುಂಟುವ ವೇಳೆಗೆ ಬಾವು ಎಷ್ಟೋ ದಿನ ಹಳೆಯದಾಗಿರುತ್ತದೆ.

ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಹಳ್ಳಿಯ ಬದುಕೇ ಎತ್ತುತ್ತದೆ. ಇಂದು ಪಟ್ಟಿ ಕಟ್ಟಿಸಿಕೊಂಡ ಜವಾರಿ ಹುಂಜ ಮುಂದಿನ ಜಾತ್ರೆಗೆ ಹರಕೆಯಾಗಬಹುದು, ಬೀಗರು ಬಂದ ದಿನ ಸಾರಾಗಲೂಬಹುದು. ಹಾಗಿರುವಾಗ ಈ ಉಪಚಾರಕ್ಕೆ ಅರ್ಥವೇನೆಂದು ಕೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಆ ಮಾತಿನಲ್ಲಿ ಒಂದು ತಪ್ಪಿದೆ: ಕೋಳಿಯ ನೋವು ನಾಳೆಯ ನಿರ್ಧಾರಕ್ಕೆ ಕಾಯುತ್ತ ನಿಲ್ಲುವುದಿಲ್ಲ, ಅದು ಈಗ, ನೆಲಕ್ಕೆ ಊರಲಾಗದ ಆ ಒಂದು ಕಾಲಿನಲ್ಲಿದೆ. ಕೊಲ್ಲುವುದು ಸರಿಯೇ ಎಂಬ ವಿಚಾರವನ್ನು ಬೇರೆಯಾಗಿಯೇ ಎದುರಿಸಬೇಕು. ಅದು ಇತ್ಯರ್ಥವಾಗದಿರುವುದನ್ನು ನೆಪ ಮಾಡಿಕೊಂಡು ಇಂದಿನ ಋಣವನ್ನು ಮುಂದೂಡಲು ಬರುವುದಿಲ್ಲ.

ಈ ಋಣ ಪಟ್ಟಿ ಕಟ್ಟುವುದರೊಂದಿಗೆ ತೀರುವುದೂ ಇಲ್ಲ. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂತಹ ಭಾರದ ತಳಿಗಳು ಎತ್ತರದ ಅಡ್ಡಗಳದಿಂದ ಗಟ್ಟಿ ನೆಲಕ್ಕೆ ದಿನವೂ ಜಿಗಿಯುವಾಗ ಪೆಟ್ಟು ಅಂಗಾಲಿನ ಮೇಲೇ ಬೀಳುತ್ತದೆ. ಗಳವನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಅದರ ಸಿಬಿರು ಹೆರೆದು ನುಣುಪು ಮಾಡಿ, ಕೆಳಗೆ ಹೊಟ್ಟು ಹರಡಿ ಆಗಾಗ ಬದಲಿಸುತ್ತಿದ್ದರೆ, ವಾಸಿಯಾದ ಕಾಲು ಮತ್ತೆ ಬಾಯದೆ ಉಳಿಯುವ ಸಂಭವ ಹೆಚ್ಚು.