ಪೀಠದ ಮೇಲಿನ ವೀಣೆ

ಶರನ್ನವರಾತ್ರಿಯ ಮೂಲಾ ನಕ್ಷತ್ರದಂದು ಪುಸ್ತಕಗಳನ್ನೂ ವಾದ್ಯಗಳನ್ನೂ ಪೀಠದ ಮೇಲಿರಿಸಿ ಶಾರದೆಯನ್ನು ಆವಾಹಿಸುವುದು, ವಿಜಯದಶಮಿಯಂದು ಅವನ್ನು ಮತ್ತೆ ಕೈಗೆತ್ತಿಕೊಳ್ಳುವುದು ನಮ್ಮ ಹಿರಿಯರಿಂದ ಬಂದ ಆಚಾರ. ಸೂರತ್ತಿಗೆ ಬಂದು ತಾಪಿ ನದಿಯಾಚೆಯ ಅಡಾಜಣದಲ್ಲಿ ನೆಲಸಿದ ಮೇಲೂ ನಾವು ಇದನ್ನು ಬಿಟ್ಟಿಲ್ಲ. ಕಳೆದ ವರ್ಷ ಮಾತ್ರ ಆ ಪೀಠದ ಮುಂದೆಯೇ ಒಂದು ಧರ್ಮಸಂಕಟ ಎದುರಾಯಿತು. ಎರಡು ತಿಂಗಳಿಂದ ವೀಣೆಯನ್ನು ಮುಟ್ಟದಿದ್ದ ಹತ್ತು ವರ್ಷದ ಮಗಳು, “ಇದನ್ನು ಯಾಕಪ್ಪಾ ಇಡ್ತೀರಿ? ದಶಮಿ ದಿನಾನೂ ನಾನು ಇದನ್ನ ತೆಗೆಯೋಲ್ಲ. ನನಗೆ ತಬಲಾ ಬೇಕು” ಎಂದಳು.

ಆ ವೀಣೆ ನನ್ನ ತಾಯಿಯದು. ಮೈಸೂರಿನಿಂದ ಕಂಬಳಿ ಸುತ್ತಿ, ರೈಲಿನಲ್ಲಿ ನಿದ್ದೆಗೆಟ್ಟು ಕಾಯ್ದು ತಂದದ್ದು. ಸಿಟ್ಟು ಬಂದಿತು. ಹಿಡಿದದ್ದನ್ನು ನಡುವೆ ಬಿಡುವುದು ಚಂಚಲತೆಯೆಂದು ಗದರಿಸಿದೆ. ಗೀತೆಯ ಮೂರನೆಯ ಅಧ್ಯಾಯದ ಸ್ವಧರ್ಮದ ಮಾತನ್ನೂ ಎಳೆದು ತಂದೆ. ರಾತ್ರಿ ಯೋಚಿಸಿದಾಗ ನಾಚಿಕೆಯಾಯಿತು. ನಾನು ಹೇಳಿದ ಸ್ವಧರ್ಮದಲ್ಲಿ ‘ಸ್ವ’ ಎಂಬುದು ಯಾರು? ಮಗುವೋ, ತಾಯಿಯ ನೆನಪನ್ನು ಮಗುವಿನ ಬೆರಳುಗಳಲ್ಲಿ ಕೇಳಬಯಸಿದ ನಾನೋ?

ಇಂಥ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವುಂಟು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಮಗ. ತಂದೆ ತನಿಯಪ್ಪನವರಲ್ಲಿಯೇ ಆ ವಾದ್ಯವನ್ನು ಕಲಿತವರು. ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೋಫೋನಿನ ನಾದವನ್ನು ಕೇಳಿದ ಮೇಲೆ ಅವರ ಮನಸ್ಸು ಅತ್ತ ತಿರುಗಿತು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ನಿರ್ಮಿಸಿ 1846ರಲ್ಲಿ ಪೇಟೆಂಟ್ ಪಡೆದ ವಾದ್ಯವದು. ಗುಂಡಿಗಳನ್ನು ಒತ್ತಿ ನುಡಿಸುವ ಅದರಲ್ಲಿ ನಮ್ಮ ಗಮಕಗಳು ಸುಲಭವಾಗಿ ಹೊಮ್ಮುವುದುಂಟೆ? ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರು ವರ್ಷಗಟ್ಟಲೆ ಶ್ರಮಿಸಿದರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಬಳಿಕ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂದಿತು, 2019ರಲ್ಲಿ ತೀರಿಕೊಂಡರು. ಅವರು ನಾಗಸ್ವರವನ್ನು ಬಿಟ್ಟರೆನ್ನಲು ನನಗೆ ನಾಲಿಗೆ ಏಳದು. ಅವರ ಸ್ಯಾಕ್ಸೋಫೋನಿನಲ್ಲಿ ನಮ್ಮ ದೇವಸ್ಥಾನದ ಮಂಗಳವಾದ್ಯವೇ ಕೇಳಿಸುತ್ತಿತ್ತು.

ಗಾಯನ ಕಲಿತು ಸರೋದಿಗೆ ತಿರುಗಿದ ಪಂಡಿತ ರಾಜೀವ ತಾರಾನಾಥರ ಮಾತೂ ಇಂಥದೇ.

ಆದರೆ ಮಹಾಪುರುಷರ ಉದಾಹರಣೆಯನ್ನು ನಮ್ಮ ಮಕ್ಕಳ ಸೋಮಾರಿತನಕ್ಕೆ ಹೊದಿಕೆಯಾಗಿ ಬಳಸುವುದು ತರವಲ್ಲ. ಇಂದು ವೀಣೆ, ನಾಳೆ ತಬಲಾ, ನಾಡಿದ್ದು ಈಜು ಎಂದು ಓಡುವ ಮಕ್ಕಳೂ ಉಂಟು, ಓಡಿಸುವ ತಾಯ್ತಂದೆಗಳೂ ಉಂಟು. ಒಂದರಿಂದ ಓಡಿಹೋಗುವುದು ಬೇರೆ, ಒಂದರ ಕಡೆಗೆ ನಡೆಯುವುದು ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ನನ್ನ ಮಗಳು ನಮ್ಮ ಸೊಸೈಟಿಯ ಗರ್ಬಾದಲ್ಲಿ ಕುಣಿಯುವುದನ್ನು ಬಿಟ್ಟು ಢೋಲ್ ಬಾರಿಸುವವನ ಪಕ್ಕದಲ್ಲಿ ನಿಲ್ಲುತ್ತಿದ್ದಳು, ಊಟದ ತಟ್ಟೆಯ ಅಂಚಿನಲ್ಲಿ ಬೆರಳು ಆಡಿಸುತ್ತಿದ್ದಳು. ನಾನು ಅದನ್ನು ಕಂಡಿದ್ದೆ, ಕಂಡೂ ಬಯ್ದಿದ್ದೆ.

ಇಷ್ಟಾದರೂ ದೋಷವೆಂಬುದು ಇತ್ತು; ಅದು ಮಗುವಿನದಲ್ಲ. ವೀಣೆ ಕಲಿಸುತ್ತಿದ್ದ ಹಿರಿಯ ಮಹಿಳೆಗೆ ನಾನು ಫೋನಿನಲ್ಲಿ, “ಪರೀಕ್ಷೆ ಇದೆ, ಮುಗಿದ ಮೇಲೆ ಬರ್ತಾಳೆ” ಎಂದು ಸುಳ್ಳು ಹೇಳಿದ್ದೆ. ಅವರು ಎರಡು ತಿಂಗಳು ಬುಧವಾರದ ಆ ವೇಳೆಯನ್ನು ಬೇರೆ ಯಾರಿಗೂ ಕೊಡದೆ ಕಾದಿದ್ದರು. ವಿದ್ಯೆಯನ್ನು ಬದಲಿಸಿದರೆ ಪಾಪವಿದೆಯೋ ಇಲ್ಲವೋ, ಶಾಸ್ತ್ರಜ್ಞರು ಹೇಳಲಿ. ಗುರುವಿಗೆ ಹೇಳದೆ ಜಾರಿಕೊಂಡದ್ದು ಮಾತ್ರ ನನ್ನ ಲೆಕ್ಕದಲ್ಲಿ ದ್ರೋಹವೇ.

ನವಮಿಯ ಸಂಜೆ ಮಗಳನ್ನು ಕರೆದುಕೊಂಡು, ಫಲತಾಂಬೂಲದೊಡನೆ ಅವರ ಮನೆಗೆ ಹೋಗಿ ನಿಜ ಹೇಳಿದೆ. ಮಗಳು ನಮಸ್ಕರಿಸಿದಳು. ಅವರು ಸ್ವಲ್ಪ ಹೊತ್ತು ಮೌನವಾಗಿದ್ದರು, ನೋವಾಗಿತ್ತೆಂಬುದು ಕಾಣುತ್ತಿತ್ತು. ಆಮೇಲೆ, “ಇವಳಿಗೆ ತಾಳ ಯಾವತ್ತೂ ತಪ್ಪಲಿಲ್ಲ. ನೀವು ಪರೀಕ್ಷೆ ಅಂದಾಗಲೇ ನನಗೆ ಗೊತ್ತಾಯಿತು” ಎಂದರು.

ಈ ವರ್ಷ ಪೀಠದ ಮೇಲೆ ತಬಲಾ ಜೋಡಿಯ ಪಕ್ಕದಲ್ಲಿ ವೀಣೆಯೂ ಇದೆ. ನುಡಿಸುವವರಿಲ್ಲವೆಂದು ಅದರ ತಂತಿಗಳನ್ನು ಸಡಿಲಿಸಿಟ್ಟಿದ್ದೇನೆ.