ಹಣ್ಣೆಲೆಯ ನಿಜವಾದ ಬಣ್ಣ

ಅಮೆರಿಕದ ಈಶಾನ್ಯ ಭಾಗದ ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನಗಳಲ್ಲಿ ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ನಡುವಿನವರೆಗೆ ಮೇಪಲ್ ಮರಗಳು ಕೆಂಪಾಗಿ, ಬರ್ಚ್ ಮರಗಳು ಹಳದಿಯಾಗಿ, ಬೆಟ್ಟಕ್ಕೆ ಬೆಟ್ಟವೇ ಬಣ್ಣ ತಾಳುತ್ತದೆ. ನಮ್ಮಲ್ಲಿ ಎಲೆ ಉದುರುವ ಕಾಲ ಶಿಶಿರ, ಅಲ್ಲಿ ಶರತ್ಕಾಲವೇ. ಅದನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ, ಚಿತ್ರ ತೆಗೆಯುತ್ತಾರೆ. ಇಂದು ಹೆಚ್ಚಿನವರ ಕೈಯಲ್ಲಿರುವುದು ಫೋನು. ಆದರೂ ಫಿಲಂ ಸುರುಳಿಯನ್ನು ಬಿಡದವರು ಕೆಲವರಿದ್ದಾರೆ. ಅವರಿಗೆ ಮನೆ ಬಿಡುವ ಮೊದಲೇ ಒಂದು ಪ್ರಶ್ನೆ: ಯಾವ ಫಿಲಂ ಕೊಳ್ಳುವುದು? ಇದು ಅಂಗಡಿಯ ಪ್ರಶ್ನೆಯಂತೆ ಕಂಡರೂ ನೀತಿಯ ಪ್ರಶ್ನೆಯೂ ಹೌದು.

ನಿಜವಾದ ಬಣ್ಣವನ್ನು ಕೊಡುವ ಫಿಲಮ್ಮನ್ನು ಕೊಂಡರಾಯಿತು, ಅದರಲ್ಲೇನು ತೊಡಕು ಎಂದು ವಾಚಕರು ಕೇಳಬಹುದು. ತೊಡಕು ಇಲ್ಲಿದೆ. ಎಲೆಯ ಬಣ್ಣದ ಒಂದು ಕಣವೂ ಫಿಲಮ್ಮಿಗೆ ಅಂಟುವುದಿಲ್ಲ. ಅದರ ಮೂರು ಪದರಗಳು ನೀಲಿ, ಹಸಿರು, ಕೆಂಪು ಬೆಳಕನ್ನು ಬೇರೆಬೇರೆಯಾಗಿ ಗ್ರಹಿಸುತ್ತವೆ; ತೊಳೆದ ಮೇಲೆ ಅಲ್ಲಿ ಉಳಿಯುವುದು ತಯಾರಕರು ಆರಿಸಿದ ಮೂರು ವರ್ಣದ್ರವ್ಯಗಳು. 1935ರಲ್ಲಿ ಬಂದ ಕೊಡಾಕ್ರೋಮ್ ಫಿಲಮ್ಮಿನೊಳಗಂತೂ ಈ ದ್ರವ್ಯಗಳೇ ಇರಲಿಲ್ಲ. ತೊಳೆಯುವಾಗ ಅವು ಸೇರುತ್ತಿದ್ದವು. 1990ರಲ್ಲಿ ಫ್ಯೂಜಿ ಕಂಪನಿ ತಂದ ವೆಲ್ವಿಯ, ಕೆಂಪು ಹಸಿರುಗಳನ್ನು ಕಣ್ಣು ಕಂಡದ್ದಕ್ಕಿಂತ ಗಾಢವಾಗಿ ತೋರಿಸಿತು. ನಿಸರ್ಗದ ಚಿತ್ರ ತೆಗೆಯುವವರು ಅದನ್ನು ಮೆಚ್ಚಿದ್ದೂ ಅದಕ್ಕಾಗಿಯೇ. ಅದೇ ಕಂಪನಿಯ ಪ್ರೋವಿಯ ಸೌಮ್ಯ ಸ್ವಭಾವದ್ದು. ಒಂದೇ ಎಲೆ, ಎರಡು ಸಾಕ್ಷ್ಯ.

ಹಾಗಾದರೆ ಕಣ್ಣೇ ನ್ಯಾಯಾಧೀಶನಾಗಲಿ ಎನ್ನೋಣವೆ? ಮರದ ನೆರಳಿನಲ್ಲಿ ಬಿದ್ದ ಎಲೆಯ ಮೇಲೆ ಆಕಾಶದ ನೀಲಿ ಬೆಳಕೇ ಹೆಚ್ಚು. ಕಣ್ಣು ನಮಗೆ ತಿಳಿಯದಂತೆ ಅದನ್ನು ತಿದ್ದಿಕೊಂಡು ಹಳದಿಯನ್ನು ಹಳದಿಯಾಗಿಯೇ ಕಾಣುತ್ತದೆ. ಹಗಲು ಬೆಳಕಿಗೆಂದು ಮಾಡಿದ ಫಿಲಂ ಹೀಗೆ ತಿದ್ದುವುದಿಲ್ಲ. ಚಿತ್ರಕ್ಕೆ ನೀಲಿ ಛಾಯೆ ಬರುತ್ತದೆ. ಇಲ್ಲಿ ಸುಳ್ಳು ಹೇಳಿದವರು ಯಾರು?

ಎಲೆಯನ್ನೇ ಕೇಳಿದರೂ ಉತ್ತರ ಎರಡಾಗುತ್ತದೆ. ಹಳದಿಯ ಕೆರೋಟಿನಾಯ್ಡ್‌ಗಳು ಬೇಸಗೆಯಿಡೀ ಎಲೆಯಲ್ಲೇ ಇರುತ್ತವೆ. ಪತ್ರಹರಿತ್ತು ಕರಗಿದ ಮೇಲೆ ಹೊರಗೆ ಕಾಣುತ್ತವೆ. ಮೇಪಲ್ಲಿನ ಕೆಂಪು ಹಾಗಲ್ಲ. ಹಗಲಿನ ಬಿಸಿಲು, ರಾತ್ರಿಯ ಚಳಿ ಎರಡೂ ಕೂಡಿದಾಗ, ಎಲೆಯಲ್ಲಿ ಉಳಿದ ಸಕ್ಕರೆಯ ಬಲದಿಂದ ಆಂತೊಸಯನಿನ್ ಎಂಬ ಕೆಂಪು ದ್ರವ್ಯ ಹೊಸದಾಗಿ ಹುಟ್ಟುತ್ತದೆ. ಒಂದು ಬಯಲಾದ ಬಣ್ಣ, ಇನ್ನೊಂದು ಮಾಡಿಕೊಂಡ ಬಣ್ಣ. ಮಾಡಿಕೊಂಡದ್ದೆಂದು ಕೆಂಪನ್ನು ಯಾರೂ ಸುಳ್ಳೆನ್ನುವುದಿಲ್ಲ.

ಆದುದರಿಂದ ಬಣ್ಣವನ್ನು ಆರಿಸುವುದೇ ತಪ್ಪೆನ್ನಲಾಗದು. 1962ರಲ್ಲಿ ಎಲಿಯಟ್ ಪೋರ್ಟರ್ ಅವರು ಥೋರೋವಿನ ಮಾತುಗಳೊಡನೆ ನ್ಯೂ ಇಂಗ್ಲೆಂಡಿನ ಕಾಡಿನ ವರ್ಣಚಿತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಮೂರು ವರ್ಣಗಳನ್ನೂ ಒಂದೊಂದಾಗಿ ಹದಮಾಡಿ ಅಚ್ಚು ತೆಗೆಯುವುದು ಅವರ ಪದ್ಧತಿ. ಆ ಹದದ ಹೊಣೆ ತಮ್ಮದೆಂಬುದನ್ನು ಅವರು ಬಲ್ಲವರಾಗಿದ್ದರು. ಕೇಡು ಇರುವುದು ಆಯ್ಕೆಯಲ್ಲಲ್ಲ, ಆಯ್ಕೆಯನ್ನು ಮರೆತು ಅದನ್ನೇ ಪ್ರಕೃತಿಯೆಂದು ಕರೆಯುವುದರಲ್ಲಿ.

ಎಲೆಯ ಮಟ್ಟಿಗೆ ಇದು ಸಣ್ಣ ಮಾತೆನಿಸಬಹುದು. ಮನುಷ್ಯನ ಮುಖಕ್ಕೆ ಬಂದಾಗ ಸಣ್ಣದಲ್ಲ. ಅಚ್ಚಿನ ಬಣ್ಣವನ್ನು ಹೊಂದಿಸಿಕೊಳ್ಳಲೆಂದು ಕೊಡಾಕ್ ಕಂಪನಿ ಪ್ರಯೋಗಶಾಲೆಗಳಿಗೆ ಒಂದು ಮಾದರಿ ಚಿತ್ರವನ್ನು ಒದಗಿಸುತ್ತಿತ್ತು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿಯ ಮೈಬಣ್ಣದ ಹೆಣ್ಣಿನ ಮುಖ. ಅದಕ್ಕೆ ಶರ್ಲಿ ಕಾರ್ಡು ಎಂದೇ ಹೆಸರಾಯಿತು. ಆ ಮುಖಕ್ಕೆ ಒಪ್ಪಿದ್ದೇ ಸರಿಯಾದ ಬಣ್ಣವೆಂದಾಗ, ಕಪ್ಪು ಮೈಬಣ್ಣದವರ ಮುಖದ ಗೆರೆಗಳು ಚಿತ್ರದಲ್ಲಿ ಮಾಸಿಹೋಗುತ್ತಿದ್ದವು. ಯಾರೋ ಮಾಡಿದ ಆಯ್ಕೆ ನಿಯಮವಾಯಿತು. ಅದರ ನಷ್ಟವನ್ನು ಹೊತ್ತವರು ಬೇರೆಯವರು.

ಎಲೆಯ ಚಿತ್ರದಲ್ಲಿಯೂ ನಷ್ಟ ಹೊರುವವನೊಬ್ಬನಿದ್ದಾನೆ: ಆ ಕಾಡನ್ನು ಕಾಣದೆ ಚಿತ್ರವನ್ನಷ್ಟೇ ನೋಡುವವನು. ಗಾಢವಾದ ಕೆಂಪಿನಲ್ಲಿ ಸೂಕ್ಷ್ಮ ಛಾಯೆಗಳು ಮುಳುಗುತ್ತವೆ. ಅಂಚಿನ ಕಂದು, ಒಣಗುತ್ತಿರುವ ನರ, ಹುಳು ತಿಂದ ಜಾಗದ ಸುತ್ತಲಿನ ಮಬ್ಬು ಇವೆಲ್ಲ ಹಬ್ಬದ ಬೆಳಕಿಗೆ ಅಡಗಿಕೊಳ್ಳುತ್ತವೆ. ಎಲೆ ಸಾಯುತ್ತಿದೆ ಎಂಬ ಸುದ್ದಿಯೇ ನೋಡುವವನಿಗೆ ಮುಟ್ಟುವುದಿಲ್ಲ. ಅಂಥ ಚಿತ್ರಗಳನ್ನು ಕ್ಯಾಲೆಂಡರಿನಲ್ಲಿ ಕಂಡು ಬೆಳೆದವನು ಮುಂದೆ ನಿಜವಾದ ಮೇಪಲ್ಲಿನ ಕೆಳಗೆ ನಿಂತರೆ, ಬಣ್ಣ ಇಷ್ಟೇಯೆ ಎಂದು ಮರದ ಮೇಲೆಯೇ ದೂರು ಹೇಳಿಯಾನು.

ಕಾಡಿನ ಉಲ್ಲಾಸವನ್ನು ಸಾರುವುದೇ ಉದ್ದೇಶವಾದರೆ ವೆಲ್ವಿಯ ಇರಲಿ, ತಪ್ಪಿಲ್ಲ. ಇದು ನನ್ನ ಉಲ್ಲಾಸ ಎಂದು ನೋಡುವವನಿಗೆ ತಿಳಿದರೆ ಸಾಕು. ಎಲೆಯನ್ನು ಕಾಣದವನಿಗೆ ಎಲೆಯನ್ನು ತೋರಿಸಬೇಕೆಂದಿದ್ದರೆ ನಾನು ಸೌಮ್ಯವಾದ ಸುರುಳಿಯನ್ನೇ ಕೊಳ್ಳುವೆನು. ಕಂದು ಬಣ್ಣಕ್ಕೂ ಅದರಲ್ಲಿ ಸ್ಥಳವಿದೆ.